ಒಂದೂ ಹೊಸ ತೂತಿಲ್ಲದೆ

ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ನಮ್ಮ ಮಾವ ಮೊದಲು ನೋಡಿದ್ದು ಹೊದಿಕೆಯ ಕಡೆ. ಎಡಗಡೆ ಮೊಣಕಾಲಿನಿಂದ ಕೆಳಗೆ ಅದು ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡಿತ್ತು. "ಹೋಯ್ತಲ್ಲೇ," ಅಂದರು ಅತ್ತೆಗೆ, "ಕ್ಲಚ್ ಕಾಲು."

ಮೂರು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದ್ದ ಅತ್ತೆ ಎದ್ದು ಹೊದಿಕೆಯನ್ನು ಎಳೆದು ಸರಿಮಾಡಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಸಕ್ಕರೆ ಕಾಯಿಲೆ ಇರುವ ಮನುಷ್ಯ, ಕಾಲ ಮೇಲೆ ಸ್ಪ್ಯಾನರ್ ಬಿದ್ದು ಆದ ಗಾಯವನ್ನು ಮೂರು ವಾರ ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು ತಿರುಗಿದರೆ ಆಗುವುದು ಇದೇ ತಾನೇ? ಕೇಳಿದ್ದಕ್ಕೆ, "ಹೇಳಿದ್ರೆ ಶೆಡ್ಡಿಗೆ ಬೀಗ ಹಾಕ್ತಿದ್ರಿ" ಅಂತ ಉತ್ತರ. ಹಾಕುತ್ತಿದ್ದೆವು, ಅದರಲ್ಲಿ ಸುಳ್ಳಿಲ್ಲ.

ಶೆಡ್ಡಿನಲ್ಲಿರುವುದು ಆ ಕಾರು. ಎರಡು ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ತಿಳಿ ಹಸಿರು ಬಣ್ಣ. ಅದು ಹೊಸದಾಗಿದ್ದ ಕಾಲದಲ್ಲಿ ರಸ್ತೆಯ ಮೇಲೆ ಅದನ್ನು ಹಿಂದೆ ಹಾಕುವ ಕಾರು ಇರಲಿಲ್ಲವಂತೆ. ಮಾವ ಸಿಟಿ ಬಸ್ ಡಿಪೋದಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ಯಾರದೋ ಹಿತ್ತಲಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಅದರ ಅಸ್ಥಿಪಂಜರವನ್ನು ತಂದು, ಒಂಬತ್ತು ವರ್ಷ ಕೂತು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಮಾಡಿದರು. ಒಂದು ಬಾಗಿಲಿನ ಹಿಡಿಗಾಗಿ ಹನ್ನೊಂದು ತಿಂಗಳು ಕಾದರಂತೆ, ಬೇರೆ ಹಿಡಿ ಹಾಕಲಿಲ್ಲ. ನಮ್ಮ ಬೀದಿಯ ಹುಡುಗರು ಅಗಲ ಚಕ್ರ, ಗುಡುಗುವ ಸೈಲೆನ್ಸರ್ ಹಾಕಿಸಿಕೊಂಡು ಬಂದು ತೋರಿಸಿದರೆ, "ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗಿದೆ ಕಣೋ" ಅನ್ನುತ್ತಿದ್ದರು. ಬಾಯಿ ತೆರೆದರೆ 'ಇದು ಒರಿಜಿನಲ್, ಅದು ಒರಿಜಿನಲ್ ಅಲ್ಲ' ಇಷ್ಟೇ ಮಾತು. ಡಿಪೋದವರು ಅವರಿಗೆ ಇಟ್ಟ ಹೆಸರೂ ಅದೇ, ಒರಿಜಿನಲ್.

ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಅಣೆಕಟ್ಟಿನ ತನಕ ಹೋಗಿ ಬರುವುದು ಅವರ ರೂಢಿ. ಅತ್ತೆ ಇಪ್ಪತ್ತೆಂಟು ವರ್ಷ ಒಂದು ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಹಾಕಿದವರು. ಮನೆಗೆ ಬಂದರೆ ಒಲೆ ಮುಂದೆ ನಿಲ್ಲುವವರು. ಅವರು ಯಾರ ಸೇವೆಯನ್ನೂ ಮಾಡದೆ ಸುಮ್ಮನೆ ಕೂತಿರುತ್ತಿದ್ದದ್ದು ವಾರಕ್ಕೆ ಅದೊಂದೇ ಗಂಟೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಏಳು ವರ್ಷದಲ್ಲಿ ಆ ಗಂಟೆ ತಪ್ಪಿದ್ದನ್ನು ನೋಡಿರಲಿಲ್ಲ. ಕಾಲು ಹೋದ ಮೇಲೆ ತಪ್ಪಿತು.

*

ಆಸ್ಪತ್ರೆಯಿಂದ ಬಂದ ಮೇಲೆ ಮಾವ ದಿನದಿನಕ್ಕೆ ಕುಗ್ಗಿದರು. ಕೃತಕ ಕಾಲು ಕೊಟ್ಟಿದ್ದರು. ಅದು ಗೋಡೆಗೊರಗಿ ನಿಂತಿತ್ತು. "ಹಾಕ್ಕೊಳ್ಳಿ ಮಾವ, ಎರಡು ಹೆಜ್ಜೆ ನಡೀರಿ" ಅಂದರೆ, "ಅದು ಒರಿಜಿನಲ್ ಅಲ್ಲ" ಅಂತ ನಗುತ್ತಿದ್ದರು. ಆಮೇಲೆ ನಗುವುದೂ ನಿಂತಿತು. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಡುವರು. ಕಕ್ಕಸು, ಬಚ್ಚಲು ಎರಡೂ ಮಹಡಿಯ ಮೇಲೆ. ನಮ್ಮನೆಯವರು ಬೆಳಿಗ್ಗೆ ಒಂದು ಸಲ, ಸಂಜೆ ಟೈಲ್ಸ್ ಅಂಗಡಿಯಿಂದ ಬಂದ ಮೇಲೆ ಒಂದು ಸಲ ಅಪ್ಪನನ್ನು ಬೆನ್ನ ಮೇಲೆ ಹೊತ್ತು ಹತ್ತಿ ಇಳಿಯುತ್ತಿದ್ದರು. ಮಧ್ಯೆ ಏನಾದರೂ ಆದರೆ ಬಕೆಟ್ಟು, ಅದು ಅತ್ತೆಯ ಪಾಲಿಗೆ. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದಳು: "ಹೀಗೇ ಕೂತಿದ್ರೆ ಆ ಇನ್ನೊಂದು ಕಾಲೂ ಉಳಿಯಲ್ಲ. ಏಳೋಕೆ ಏನಾದ್ರೂ ಒಂದು ಆಸೆ ಹುಟ್ಟಿಸಿ."

ಆಸೆ ಇದ್ದದ್ದು ಒಂದೇ. ನಾನು ಒಂದು ದಿನ ಅವರ ತಲೆ ಒರೆಸುತ್ತಿದ್ದಾಗ ತಾವಾಗಿಯೇ ಹೇಳಿದರು. "ಇನ್ನೊಂದು ಸಲ ಅವಳನ್ನ ಪಕ್ಕ ಕೂರಿಸ್ಕೊಂಡು ಅಣೆಕಟ್ಟಿಗೆ ಹೋಗ್ಬೇಕಮ್ಮ. ಆಮೇಲೆ ಸತ್ರೂ ಸೈ."

"ಸಾಯೋ ಮಾತು ಬೇಡ, ಸುಮ್ನಿರಿ," ಅಂದೆ.

ಇದನ್ನು ನಾದಿನಿಗೆ ಹೇಳಿದ್ದು ನಾನೇ. ನಮ್ಮ ನಾದಿನಿ ಗೇಟು, ಕಿಟಕಿ ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರ್. ಬಟ್ಟೆಯಲ್ಲೆಲ್ಲ ಸುಟ್ಟ ಚುಕ್ಕೆ, ಮಾತೂ ಹಾಗೇ. ಮನೆಯಲ್ಲಿ ಎಲ್ಲರೂ ಕಿಡಿ ಅಂತಲೇ ಕರೆಯುವುದು. ಭಾನುವಾರ ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ ಮುಂದಿಟ್ಟುಕೊಂಡು ಎಲ್ಲರೂ ಕೂತಿದ್ದಾಗ ಅವಳು ಶುರು ಮಾಡಿದಳು.

"ಅಪ್ಪ, ಕ್ಲಚ್ಚನ್ನ ಕೈಗೆ ತಂದುಬಿಡ್ತೀನಿ. ಗೇರ್ ಪಕ್ಕ ಬೈಕಿನ ಥರ ಒಂದು ಹಿಡಿ. ಅದನ್ನ ಹಿಂಡಿದ್ರೆ ಕೇಬಲ್ಲು ಪೆಡಲ್ ಎಳೆಯುತ್ತೆ. ಎಡಗಾಲೇ ಬೇಡ."

"ಕೇಬಲ್ಲನ್ನ ಯಾವುದಕ್ಕೆ ಕೂರಿಸ್ತೀಯ?"

"ನೆಲಕ್ಕೆ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡ್ತೀನಿ. ನಾಲ್ಕು ತೂತು, ಮುಗೀತು."

ಮಾವ ಬ್ರೆಡ್ಡಿನ ಚೂರನ್ನು ತಟ್ಟೆಗೆ ಹಾಕಿದರು. "ನನ್ನನ್ನ ಕತ್ತರಿಸಿದ್ದು ಸಾಲದಾ? ಅದನ್ನೂ ಕತ್ತರಿಸಬೇಕಾ?"

"ಮುಟ್ಟಬೇಡ ಕಣೇ," ಅಂದರು ನಮ್ಮನೆಯವರು. "ಒಂದು ತೂತು ಬಿತ್ತು ಅಂದ್ರೆ ಡಾಕ್ಟರು ತಿರುಗಿಯೂ ನೋಡಲ್ಲ."

ಡಾಕ್ಟರು ಅಂದರೆ ಹಲ್ಲಿನ ಡಾಕ್ಟರು. ಹಳೆಯ ಕಾರುಗಳನ್ನು ಕೂಡಿಡುವ ಹುಚ್ಚಿನವರು. ಹಿಂದಿನ ವಾರ ನಮ್ಮನೆಯವರೇ ಕರೆತಂದಿದ್ದರು. ಬಾಯೊಳಗೆ ಹಾಕಿ ನೋಡುವ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದಿಗೆಲ್ಲ ತೂರಿಸಿ ನೋಡಿ, "ಎಲ್ಲ ಹುಟ್ಟಿದ ಹಲ್ಲೇ, ಒಂದೂ ಕಟ್ಟಿಸಿದ್ದಿಲ್ಲ" ಅಂತ ಬಾಯಲ್ಲಿ ನೀರೂರಿಸಿಕೊಂಡು ಹೋಗಿದ್ದರು.

"ಮಾರೋಕೆ ನಾನೇನು ಸತ್ತಿದೀನಾ?" ಅಂದರು ಮಾವ.

"ಅಪ್ಪ, ಕೆಳಗೊಂದು ಬಚ್ಚಲು ಕಟ್ಟಿಸಬಹುದು. ನಿಮ್ಮನ್ನ ಹೊತ್ತು ಹೊತ್ತು ನನ್ನ ಸೊಂಟ ಏನಾಗಿದೆ ಅಂತ ಯಾವತ್ತಾದ್ರೂ ಕೇಳಿದೀರಾ? ಓಡಿಸೋಕಾಗದ ಕಾರು ಯಾಕೆ ಬೇಕು?"

"ಅಣ್ಣಾ, ಓಡಿಸೋ ಹಾಗೆ ಮಾಡ್ತೀನಿ ಅಂತಾನೇ ನಾನು ಹೇಳ್ತಿರೋದು!"

"ನೀನು ಗೇಟು ಮಾಡು ಹೋಗು."

"ನೀನು ಟೈಲ್ಸ್ ಮಾರು ಹೋಗು. ಅಪ್ಪನ್ನೂ ಸೇರಿಸಿ ಮಾರಿಬಿಡು."

ಅತ್ತೆ ಚಮಚವನ್ನು ಮೇಜಿನ ಮೇಲೆ ಕುಕ್ಕಿದರು. "ಮೊಟ್ಟೆ ಆರಿಹೋಗ್ತಿದೆ. ತಿಂದು ಜಗಳ ಆಡಿ, ಇಲ್ಲಾ ಜಗಳ ಆಡಿ ತಿನ್ನಿ. ಎರಡನ್ನೂ ಒಟ್ಟಿಗೆ ಮಾಡ್ಬೇಡಿ."

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿರಬೇಕಿತ್ತು. ಕೂರಲಿಲ್ಲ. ನನ್ನದು ಬಟ್ಟೆ ಆಲ್ಟರ್ ಮಾಡುವ ಕೆಲಸ. ಮುಂದಿನ ಕೋಣೆಯೇ ನನ್ನ ಅಂಗಡಿ. ಆ ವಾರ ಒಬ್ಬಾಕೆ ತೀರಿಹೋದ ಗಂಡನ ಕೋಟನ್ನು ಮಗನ ಅಳತೆಗೆ ಮಾಡಿಸಲು ತಂದಿದ್ದಳು. ಅದು ತಲೆಯಲ್ಲಿತ್ತು.

"ಮಾವ," ಅಂದೆ, "ಯಾರಾದ್ರೂ ಒಳ್ಳೇ ಕೋಟು ತಂದ್ರೆ ನಾನು ಕತ್ತರಿ ಹಾಕಲ್ಲ. ಹೆಚ್ಚಿನ ಬಟ್ಟೇನ ಒಳಗೇ ಮಡಚಿ ಹೊಲೀತೀನಿ. ನಾಳೆ ಬೇಡ ಅಂದ್ರೆ ಹೊಲಿಗೆ ಬಿಚ್ಚಿದ್ರಾಯ್ತು, ಇದ್ದ ಹಾಗೇ ಇರುತ್ತೆ. ಕಾರಿಗೂ ಹಾಗೆ ಮಾಡೋಕಾಗಲ್ವಾ?"

ಮಾವ ಎಷ್ಟೋ ವಾರದ ಮೇಲೆ ಮುಖ ಎತ್ತಿದರು.

"ಒಂದೂ ಹೊಸ ತೂತಿಲ್ಲದೆ?" ಅಂದರು ಮಗಳಿಗೆ. "ಆಗುತ್ತೇನೇ?"

"ಅತ್ತಿಗೆ, ಅದು ಬಟ್ಟೆ," ಅಂದಳು ಕಿಡಿ ನನಗೆ. "ಇದು ಕಬ್ಬಿಣ. ಈ ಕಾರಿನ ಕ್ಲಚ್ಚು ಕಲ್ಲಿದ್ದ ಹಾಗಿದೆ. ಅಷ್ಟು ಭಾರ ಎಳೆಯೋದನ್ನ ಬೋಲ್ಟ್ ಹಾಕದೆ ಬರೀ ಹಿಡಿಸಿ ಬಿಟ್ರೆ ಜಾರುತ್ತೆ."

"ಆಗುತ್ತೋ ಇಲ್ವೋ ಹೇಳು," ಅಂದರು ಮಾವ.

ಅವಳು ಅಪ್ಪನ ಮುಖ ನೋಡಿದಳು. ಒಪ್ಪಿಗೆ ಅಂತ ಸಿಗುವುದಿದ್ದರೆ ಇದೊಂದೇ ಅಂತ ಅವಳಿಗೂ ಗೊತ್ತಾಯಿತು. "ನೋಡ್ತೀನಿ," ಅಂದಳು. ನಮ್ಮನೆಯವರು ತಟ್ಟೆ ತಳ್ಳಿ ಎದ್ದುಹೋದರು.

*

ಮುಂದಿನ ಎರಡು ವಾರ ಕಿಡಿ ಕೆಲಸ ಮುಗಿಸಿ ನೇರ ಶೆಡ್ಡಿಗೇ ಬರುತ್ತಿದ್ದಳು. ಮಾವ ಕುರ್ಚಿ ಹಾಕಿಸಿಕೊಂಡು ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು, ಎಲ್ಲಿ ಒಂದು ಗೀರು ಬೀಳುತ್ತದೋ ಅಂತ. ಟೀ, ಬ್ರೆಡ್ಡು ಎಲ್ಲ ಅಲ್ಲಿಗೇ ಸರಬರಾಜು. ನಮ್ಮನೆಯವರು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಸಂಜೆ ಅಪ್ಪನನ್ನು ಹೊತ್ತು ಮೆಟ್ಟಿಲು ಹತ್ತುವಾಗಲೂ ಇಬ್ಬರೂ ಉಭ ಶುಭ ಅನ್ನುತ್ತಿರಲಿಲ್ಲ.

ಕಿಡಿ ಮಾಡಿದ ಉಪಾಯ ಇದು. ಸ್ಟೀರಿಂಗಿನ ಕೆಳಗೆ ಅಡ್ಡಕ್ಕೆ ಒಂದು ಪೈಪು ಹೋಗುತ್ತದೆ. ಕಬ್ಬಿಣದ ಪಟ್ಟಿಯನ್ನು ಆ ಪೈಪಿಗೆ ಬಳೆಯ ಹಾಗೆ ಸುತ್ತಿ, ನಟ್ಟು ಬಿಗಿದು, ಕೇಬಲ್ಲನ್ನು ಅದಕ್ಕೆ ಕೂರಿಸುವುದು. ಕೊರೆಯುವುದೇ ಇಲ್ಲ. ಆದರೆ ಪಟ್ಟಿ ಬಿಗಿದರೆ ಪೈಪಿನ ಬಣ್ಣ ಕಿತ್ತುಬರುತ್ತದೆ ಅಂತ ಮಾವ ತಕರಾರು ತೆಗೆದರು. ಅದಕ್ಕೂ ಮೂಗು ತೂರಿಸಿದವಳು ನಾನೇ. ಒಂದು ಹಳೆಯ ಕೋಟಿನ ಮೊಣಕೈಗೆ ಹಾಕಿದ್ದ ಚರ್ಮದ ತೇಪೆ ನನ್ನ ಹತ್ತಿರ ಇತ್ತು. ಅಳತೆ ತೆಗೆದು, ಅಂಚು ಹೊಲಿದು ಪೈಪಿಗೆ ಸುತ್ತಲು ಕೊಟ್ಟೆ. ಮಾವ ಅದರ ಮೇಲೆ ಬೆರಳಾಡಿಸಿ, "ಭೇಷ್" ಅಂದರು. ನಾನು ಉಬ್ಬಿಹೋದೆ.

"ಅಪ್ಪ, ಕೊನೇ ಸಲ ಕೇಳ್ತೀನಿ," ಅಂದಳು ಕಿಡಿ. "ಪಟ್ಟಿ, ಪೈಪು ಎರಡನ್ನೂ ಸೇರಿಸಿ ಒಂದೇ ಒಂದು ತೂತು. ಒಂದು ಪಿನ್ ಹೊಡೆದುಬಿಟ್ರೆ ಜನ್ಮದಲ್ಲಿ ಅಲ್ಲಾಡಲ್ಲ. ಸಣ್ಣದು, ಬೆರಳಿನಷ್ಟೂ ಇಲ್ಲ."

"ಒಂದೂ ಇಲ್ಲ ಅಂದ್ಮೇಲೆ ಒಂದೂ ಇಲ್ಲ."

ಅವಳು ನಟ್ಟು ಬಿಗಿದಳು, ಮೈಯ ಶಕ್ತಿಯನ್ನೆಲ್ಲ ಹಾಕಿ. ಆಮೇಲೆ ಸಣ್ಣ ಕುಂಚದಿಂದ ನಟ್ಟಿನ ಮೇಲಿಂದ ಪಟ್ಟಿಯ ತನಕ ಒಂದು ಹಳದಿ ಗೆರೆ ಎಳೆದಳು. ಇದು ಡಿಪೋದ ಪದ್ಧತಿ, ಮಾವನೇ ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು. ಬಿಗಿದವರು ಗೆರೆ ಎಳೆಯಬೇಕು. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ.

ಕಾರು ಹತ್ತಲು, ಇಳಿಯಲು ಕಾಲು ಬೇಕಲ್ಲ, ಮಾವ ಕೃತಕ ಕಾಲನ್ನು ಹಾಕಿಕೊಂಡರು! ಅದುವರೆಗೆ ಅತ್ತೆ, ನಾನು, ವ್ಯಾಯಾಮದಾಕೆ ಗೋಗರೆದರೂ ಹಾಕದಿದ್ದವರು, ಗೋಡೆ ಹಿಡಿದುಕೊಂಡು ಶೆಡ್ಡಿನ ತನಕ ನಡೆದರು. ಬುಧವಾರ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿದರು. ಗುರುವಾರ ಬೀದಿಯ ಕೊನೆತನಕ. ಶುಕ್ರವಾರ ಎರಡು ಮೊಟ್ಟೆ ತಿಂದು, ಮೂರನೆಯದು ಕೇಳಿದರು. ಅತ್ತೆ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನಮ್ಮನೆಯವರು ಕೂಡ ಕಿಟಕಿಯಿಂದ ಇಣುಕಿ, "ಪರವಾಗಿಲ್ವೇ" ಅಂದರು.

ಶನಿವಾರ ಮಾವ ಒಬ್ಬರೇ ಮಾರುಕಟ್ಟೆಯ ಸುತ್ತ ಹೋಗಿಬಂದರು. ಬಂದವರು ಕಾರಿನಿಂದ ಇಳಿಯಲಿಲ್ಲ. ನನ್ನನ್ನು ಕರೆದರು. "ಅಲ್ಲಿ ಗೋಡೆ ಮೇಲೆ ಹದಿಮೂರರ ಸ್ಪ್ಯಾನರ್ ಇದೆ, ಕೊಡಮ್ಮ."

ಕೊಟ್ಟೆ. ಮತ್ತೆ ಕೈಯಲ್ಲಿ ಸ್ಪ್ಯಾನರ್ ಹಿಡಿದರಲ್ಲ ಅಂತ ಖುಷಿಯಾಗಿ, ಯಾಕೆ ಅಂತಲೂ ಕೇಳದೆ ಹೊಲಿಗೆಗೆ ವಾಪಸಾದೆ. ಅವತ್ತು ಊಟಕ್ಕೆ ಕೂತಾಗ ಕಿಡಿ, "ಹೇಗಿತ್ತಪ್ಪ?" ಅಂದಳು. "ಬೆಣ್ಣೆ," ಅಂದರು ಮಾವ. "ನಾಳೆ ನಿಮ್ಮಮ್ಮನ್ನ ಕರ್ಕೊಂಡು ಹೋಗ್ತೀನಿ."

*

ಭಾನುವಾರ ಅತ್ತೆ ನಾನು ಅಂಚು ಹೊಲಿದುಕೊಟ್ಟಿದ್ದ ನೀಲಿ ಸೀರೆ ಉಟ್ಟು, ಕೈಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಹೊರಟರು. "ಒಲೆ ಮೇಲೆ ಆಲೂಗಡ್ಡೆ ಇದೆ, ನೋಡ್ಕೋ" ಅಂದರು. ಆಲೂಗಡ್ಡೆ ಬೇಯುವುದರೊಳಗೆ ಪಕ್ಕದ ಮನೆಯಾಕೆ ಓಡಿಬಂದಳು. "ನಿಮ್ಮ ಮಾವನ ಕಾರು ಕಂಬಕ್ಕೆ ಗುದ್ದಿದೆಯಂತೆ" ಅಂದಳು. ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ದೂರವೇನೂ ಹೋಗಿರಲಿಲ್ಲ, ಮಾರುಕಟ್ಟೆಯ ಸಿಗ್ನಲ್ಲು. ಹಸಿರು ದೀಪ ಬಿದ್ದಿದೆ. ಮಾವ ಕ್ಲಚ್ ಹಿಂಡಿಕೊಂಡೇ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲಿಟ್ಟಿದ್ದಾರೆ. ಅಷ್ಟರಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬಾಕೆ ತಡವಾಗಿ ಅಡ್ಡ ಬಂದಿದ್ದಾಳೆ. ಹೋಗಲಿ ಅಂತ ಕಾದಿದ್ದಾರೆ, ಕೈ ಇನ್ನೂ ಕ್ಲಚ್ ಹಿಂಡಿಯೇ ಇದೆ. ಪಟ್ಟಿ ಜಾರಿತು. ಕೇಬಲ್ ಸಡಿಲವಾಯಿತು. ಕಾರು ನೆಗೆಯಿತು. ಮಾವ ಸ್ಟೀರಿಂಗ್ ಪೂರ್ತಿ ತಿರುಗಿಸಿ ದೀಪದ ಕಂಬಕ್ಕೆ ಗುದ್ದಿದರು. ಮಗುವಿಗೆ, ತಾಯಿಗೆ ಏನೂ ಆಗಲಿಲ್ಲ, ಸದ್ಯ.

ನಾನು ಹೋದಾಗ ಹಸಿರು ಮೂತಿ ಕಂಬಕ್ಕೆ ಅಪ್ಪಿಕೊಂಡು ಮಡಚಿಹೋಗಿತ್ತು. ಮಾವ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಹಾಗೇ ಕೂತಿದ್ದರು. ಅತ್ತೆ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದರು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

"ಒಲೆ ಆರಿಸಿ ಬಂದ್ಯಾ?" ಅಂದರು ನನ್ನನ್ನು ನೋಡಿ.

ಆರಿಸಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

*

ಎಲುಬು ಎರಡು ಕಡೆ ಮುರಿದಿತ್ತು. ಒಳಗೆ ಕಬ್ಬಿಣದ ಪಟ್ಟಿ, ಐದು ಸ್ಕ್ರೂ ಹಾಕಿ ಕೂಡಿಸಿದರು. ಬೆರಳಿನಿಂದ ಮೊಣಕೈಯ ಮೇಲಿನ ತನಕ ಪ್ಲಾಸ್ಟರು. ಅತ್ತೆಗೆ ನಾನು ಸ್ನಾನ ಮಾಡಿಸುತ್ತಿದ್ದೆ, ತಲೆ ಬಾಚುತ್ತಿದ್ದೆ. ಅಡಿಗೆ ಮನೆಯಲ್ಲಿ ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಮಾವ ಕೃತಕ ಕಾಲು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವರು. "ಸೊಪ್ಪು ಬಿಡಿಸಿಕೊಡ್ಲಾ?" ಅನ್ನುವರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತು ಅದೇ ಮೊದಲು. ಪಾಪ ಅನಿಸುತ್ತಿತ್ತು. ಅತ್ತೆ ಕೂಡ, "ಕೂತ್ಕೊಳ್ರೀ, ಬೀಳ್ತೀರ. ನಿಮ್ದೇನು ತಪ್ಪು?" ಅನ್ನುತ್ತಿದ್ದರು.

ತಪ್ಪೆಲ್ಲ ಕಿಡಿಯ ಮೇಲೆ ಬಿದ್ದಿತ್ತು. "ಗೇಟು ಮಾಡೋಳ ಕೈಗೆ ಅಪ್ಪ ಅಮ್ಮನ ಜೀವ ಕೊಟ್ವಿ" ಅಂತ ನಮ್ಮನೆಯವರು ಮೂರು ಹೊತ್ತೂ ಅವಳ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಅವಳು ಊಟದ ಹೊತ್ತಿಗೆ ಮನೆಗೆ ಬರುವುದನ್ನೇ ಬಿಟ್ಟಳು. ಹಲ್ಲಿನ ಡಾಕ್ಟರು ಒಂದು ಸಲ ಬಂದು ಕಾರಿನ ಮೂತಿ ನೋಡಿ, ಕನ್ನಡಿಯನ್ನು ಜೇಬಿನಿಂದ ತೆಗೆಯದೆಯೇ ಹೋದರು.

ಹತ್ತು ದಿನದ ಮೇಲೆ ಕಿಡಿ ಮಧ್ಯಾಹ್ನ ಊಟಕ್ಕೆ ಬಂದಳು. ಕೈಯಲ್ಲಿ ಆ ಪಟ್ಟಿ. ಅನ್ನದ ಪಾತ್ರೆಯ ಪಕ್ಕ ಇಟ್ಟಳು.

"ನಟ್ಟು ಮುಟ್ಟದೆ, ಪಟ್ಟೀನ ಹಿಂದಿನಿಂದ ಕೊಯ್ದು ತೆಗೆದೆ ಇವತ್ತು," ಅಂದಳು. "ನಾನು ಎಳೆದ ಗೆರೆ ಎಲ್ಲಿತ್ತು, ಈಗ ಎಲ್ಲಿದೆ ನೋಡಿ."

ನಟ್ಟಿನ ಮೇಲಿನ ಹಳದಿ ಒಂದು ಕಡೆ, ಪಟ್ಟಿಯ ಮೇಲಿನ ಹಳದಿ ಇನ್ನೊಂದು ಕಡೆ. ನಡುವೆ ಕಾಲುಭಾಗ ಸುತ್ತಿನಷ್ಟು ಅಂತರ.

"ಸಡಿಲ ಆಗಿದೆ," ಅಂದರು ನಮ್ಮನೆಯವರು. "ನಿನ್ನ ಕೆಲಸ ಸಡಿಲ."

"ಸಡಿಲ ಆದ್ರೆ ಗೆರೆ ಆ ಕಡೆ ಹೋಗ್ಬೇಕಿತ್ತು ಅಣ್ಣ. ಇದು ಬಿಗಿಯೋ ಕಡೆಗೆ ಹೋಗಿದೆ. ನಾನು ಬಿಗಿದ ಮೇಲೆ ಯಾರೋ ಇನ್ನೊಂದು ಸಲ ಬಿಗಿದಿದ್ದಾರೆ. ಅಪಘಾತಕ್ಕೆ ಮುಂಚೆ." ಅವಳು ಯಾರ ಮುಖವನ್ನೂ ನೋಡದೆ ಕೇಳಿದಳು. "ಯಾರು? ಯಾಕೆ?"

ಮಾವ ಅನ್ನ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು. ನನಗೆ ಆ ಹದಿಮೂರರ ಸ್ಪ್ಯಾನರ್ ಕಣ್ಣಮುಂದೆ ಬಂತು. ಹೇಳದಿದ್ದರೆ ಕಿಡಿಯ ತಲೆಗೆ ಕಟ್ಟಿದ್ದು ಹಾಗೇ ಉಳಿಯುತ್ತದೆ. ಹೇಳಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು.

"ಶನಿವಾರ ಮಾವ ಸ್ಪ್ಯಾನರ್ ಕೇಳಿದ್ರು," ಅಂದೆ. "ನಾನೇ ಕೊಟ್ಟೆ."

ಕಿಡಿ ಮೆಲ್ಲಗೆ ಕೇಳಿದಳು. "ಶನಿವಾರಾನೇ ಜಾರಿತ್ತಾ ಅಪ್ಪ?"

"ಸ್ವಲ್ಪ," ಅಂದರು ಮಾವ. "ಒಂದು ನೂಲು."

"ಹೇಳಲಿಲ್ವಲ್ಲ!"

"ಹೇಳಿದ್ರೆ ನೀನು ತೂತು ಹೊಡೀತಿದ್ದೆ." ತಟ್ಟೆಯನ್ನೇ ನೋಡುತ್ತ, "ಗಟ್ಟಿಯಾಗೇ ಬಿಗಿದಿದ್ದೆ ಕಣೇ. ಸಾಕು ಅಂದ್ಕೊಂಡೆ" ಅಂದರು.

ಅತ್ತೆ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದರು. ಚಮಚವನ್ನು ಕೆಳಗಿಟ್ಟರು. ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಜಾರುತ್ತೆ ಅಂತ ಗೊತ್ತಿತ್ತು," ಅಂದರು. "ಗೊತ್ತಿದ್ದೂ ಭಾನುವಾರ ಬಾಗಿಲು ತೆಗೆದು ನನ್ನನ್ನ ಕೂರಿಸಿದ್ರಿ."

"ಹಾಗಲ್ಲ ಕಣೇ..."

"ಕಾರಿಗೆ ಒಂದು ತೂತು ಬೀಳಬಾರದು. ನನಗೆ ಏನಾದ್ರೂ ಆಗಬಹುದು."

"ಅಯ್ಯೋ, ಹಾಗಂತ ಯಾರು ಅಂದ್ಕೋತಾರೆ?"

"ಅಂದ್ಕೊಳ್ಳಲಿಲ್ಲ. ಅದೇ ಹೇಳ್ತಿರೋದು. ನನ್ನ ಬಗ್ಗೆ ಏನೂ ಅಂದ್ಕೊಳ್ಳಲೇ ಇಲ್ಲ ನೀವು." ಅತ್ತೆ ನನ್ನ ಕಡೆ ತಿರುಗಿದರು. "ಅವರಿಗೆ ಇನ್ನೊಂದಿಷ್ಟು ಅನ್ನ ಹಾಕಮ್ಮ. ಮಾತ್ರೆ ತಗೋಬೇಕು."

ನಮ್ಮನೆಯವರು ತಂಗಿಯ ತಟ್ಟೆಗೆ ತಾವೇ ಅನ್ನ ಬಡಿಸಿದರು. ಕ್ಷಮಿಸು ಅನ್ನಲು ನಾಲಿಗೆ ಬರಲಿಲ್ಲ, ಈ ಮನೆಯ ಗಂಡಸರಿಗೆ ಯಾವತ್ತೂ ಬರುವುದಿಲ್ಲ. ಕಿಡಿ ತಿನ್ನಲಿಲ್ಲ.

*

ಮಾರನೆಯ ದಿನದಿಂದ ಅತ್ತೆ ಎಲ್ಲವನ್ನೂ ಮೊದಲಿನ ಹಾಗೇ ಮಾಡಿದರು. ಹೊತ್ತಿಗೆ ಸರಿಯಾಗಿ ಮಾವನ ತಟ್ಟೆ ಹಾಕಿಸುವರು, ಮಾತ್ರೆ ಎಣಿಸಿ ಕೊಡುವರು, ಕತ್ತರಿಸಿದ ಕಾಲಿನ ತುದಿಗೆ ಎಣ್ಣೆ ಹಚ್ಚಿಸುವರು. ಮಾತು ಮಾತ್ರ ಇಲ್ಲ. ಏನಾದರೂ ಹೇಳಬೇಕಿದ್ದರೆ ನನ್ನ ಮೂಲಕ. "ನಿಮ್ಮ ಮಾವನ್ನ ಕೇಳು, ಟೀ ಬೇಕಾ." ಮಾವ ಎರಡು ಅಡಿ ದೂರದಲ್ಲೇ ಕೂತಿರುತ್ತಿದ್ದರು. "ಬೇಕು ಅಂತ ಹೇಳಮ್ಮ" ಅನ್ನುತ್ತಿದ್ದರು. ಮಧ್ಯೆ ನಾನೊಬ್ಬಳು ಪೋಸ್ಟ್‌ಮ್ಯಾನ್. ಮೊದಮೊದಲು ನಗು ಬರುತ್ತಿತ್ತು. ಎರಡು ವಾರ ಕಳೆದ ಮೇಲೆ ಅಳು ಬರುತ್ತಿತ್ತು.

ಒಂದು ಸಂಜೆ ಮಾವ ಮಗಳನ್ನು ಶೆಡ್ಡಿಗೆ ಕರೆದರು. ನಾನೂ ಹೋದೆ.

"ಡ್ರಿಲ್ ತಂದಿದೀಯಾ?"

"ಯಾಕಪ್ಪ?"

"ನೆಲಕ್ಕೆ ಪಟ್ಟಿ ಹಾಕು. ನಾಲ್ಕು ತೂತು ಹೊಡಿ."

ಕಿಡಿ ಅಲ್ಲಾಡಲಿಲ್ಲ. "ಆ ಕಾರಿಗೆ ನಾನು ಇನ್ನು ಕೈ ಹಚ್ಚಲ್ಲ."

"ಹಾಗಾದ್ರೆ ನಾನೇ ಹೊಡೀತೀನಿ, ಕೊಡು."

ಒಂದು ಕಾಲಲ್ಲಿ ಬಗ್ಗಿ ಕೂರಲು ಹೋಗಿ ಬಿದ್ದರು. ಎಬ್ಬಿಸಿದೆವು. ಕಿಡಿ ಹಲ್ಲು ಕಚ್ಚಿಕೊಂಡು ಡ್ರಿಲ್ ಎತ್ತಿಕೊಂಡಳು. ಮೊದಲನೆಯ ತೂತು ಬೀಳುವಾಗ ಸುರುಳಿ ಸುರುಳಿಯಾಗಿ ಲೋಹದ ಚೂರು, ಅದರ ಜೊತೆ ಹಸಿರು ಪುಡಿ ಮೇಲೆ ಬಂತು. ಮಾವ ಕಣ್ಣು ಮುಚ್ಚಲಿಲ್ಲ. ನಾಲ್ಕನ್ನೂ ನೋಡಿದರು. ಮುಗಿದ ಮೇಲೆ ಬೋಲ್ಟ್ ಹಿಡಿದು ಜಗ್ಗಿ ನೋಡಿ, "ಇನ್ನು ಆನೆ ಎಳೆದ್ರೂ ಬರಲ್ಲ," ಅಂದರು. ಮೂತಿಗೆ ಸಿಕ್ಕ ತಗಡು ಹಾಕಿಸಿದರು. ಬಣ್ಣ ಒಂದು ಛಾಯೆ ಬೇರೆಯೇ ಬಂತು, ದೂರದಿಂದಲೇ ಗೊತ್ತಾಗುತ್ತಿತ್ತು. ಅದಕ್ಕೂ ಅವರು ಏನೂ ಅನ್ನಲಿಲ್ಲ. ಆ ವಾರವೆಲ್ಲ ಒಬ್ಬರೇ ಓಡಿಸಿ, ಸಿಗ್ನಲ್ಲಿನಲ್ಲಿ ಬೇಕಂತಲೇ ನಿಲ್ಲಿಸಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಪ್ರತಿದಿನ ಬಂದು ಅಡಿಗೆ ಮನೆಗೆ ಕೇಳಿಸುವ ಹಾಗೆ ನನಗೆ ವರದಿ ಒಪ್ಪಿಸುವರು. "ಇವತ್ತೂ ಜಾರಲಿಲ್ಲಮ್ಮ."

ಅತ್ತೆಯ ಪ್ಲಾಸ್ಟರು ಬಿಚ್ಚಿಸುವ ದಿನ ಬಂತು. ಮಾವ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು, ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದ್ದರು. ನಾವು ಹೊರಗೆ ಬಂದಾಗ ಕಾರಿನ ಮೈ ಹಿಡಿದುಕೊಂಡು ಸುತ್ತಿ ಬಂದು ಪಕ್ಕದ ಬಾಗಿಲನ್ನು ತೆಗೆದು ಹಿಡಿದು ನಿಂತರು.

ಅತ್ತೆ ಗೇಟು ಹಾಕಿದರು. "ಬಸ್ಸಿದೆ, ಬಾರೇ" ಅಂತ ನನ್ನನ್ನು ಕರೆದು ನಡೆದರು.

ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಎಂಜಿನ್ನು. ನಮ್ಮ ಪಕ್ಕದಲ್ಲೇ, ನಾವು ನಡೆಯುವಷ್ಟೇ ನಿಧಾನಕ್ಕೆ ಕಾರು ಬರತೊಡಗಿತು. ಹಿಂದಿನವರು ಹಾರನ್ ಹೊಡೆದು ಬೈದುಕೊಂಡು ದಾಟಿಹೋದರು. ಅಷ್ಟು ವೇಗದ ಕಾರು, ಮೊದಲನೆಯ ಗೇರಿನಲ್ಲಿ ಅದುರಿಕೊಂಡು ಬರುತ್ತಿತ್ತು. ಮಾವ ಕ್ಲಚ್ ಹಿಂಡುವುದು, ಬಿಡುವುದು, ಮತ್ತೆ ಹಿಂಡುವುದು. ನನಗೆ ಎತ್ತ ನೋಡಲೂ ಆಗಲಿಲ್ಲ. "ಅತ್ತೆ, ಇದೊಂದು ಸಲ..." ಅಂದೆ. ಅವರು ನಡಿಗೆ ಜೋರು ಮಾಡಿದರು.

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತೆವು. ಕಾರು ಎದುರಿಗೇ ನಿಂತಿತು. ಮಾವ ಬಗ್ಗಿ ಈ ಕಡೆಯ ಗಾಜು ಇಳಿಸಿದರು. ನಾಲ್ಕು ವಾರದ ಮೇಲೆ ಅತ್ತೆಗೆ ನೇರವಾಗಿ ಮಾತಾಡಿದರು.

"ನಾಲ್ಕು ತೂತು ಹೊಡೆಸಿದೀನಿ ಕಣೇ. ನಾಲ್ಕು! ಇನ್ನು ಯಾವತ್ತೂ ಜಾರಲ್ಲ. ಬಾ, ಕೂತ್ಕೋ."

ಅತ್ತೆ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವರನ್ನು ನೋಡಿದರು. ಸಿಟ್ಟಿನಿಂದ ಅಲ್ಲ.

"ಅವತ್ತು ಒಂದೇ ಒಂದು ಸಾಕಿತ್ತು," ಅಂದರು.

ಬಸ್ಸು ಬಂತು. ಅದು ನಿಲ್ಲುವ ಜಾಗದಲ್ಲಿ ಕಾರು ನಿಂತಿದ್ದರಿಂದ ಡ್ರೈವರ್ ಹಾರನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಮಾವ ಮುಂದೆ ಸರಿಯಬೇಕಾಯಿತು. ಅತ್ತೆ ಎಡಗೈಯಿಂದ ಕಂಬಿ ಹಿಡಿದು ಹತ್ತಿದರು. ನಾನು ಹಿಂದೆ ಹತ್ತಿದೆ. ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಮೂರನೆಯ ಸ್ಟಾಪಿನ ತನಕ ಹಿಂದಿನ ಗಾಜಿನಲ್ಲಿ ಕಾರು ಕಾಣಿಸುತ್ತಿತ್ತು. ಬರುತ್ತಿದ್ದಾರಾ ಅಂತ ಅತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.